ತಾಮ್ರದ ಬೋಗುಣಿಯಲ್ಲಿ ಊರುಗೋಲು

ಕಾಶಾನ್
೨ ಎಸ್ಫಂದ್ ೧೩೭೨

ಮಾನ್ಯ ಅತ್ತೆಯವರಿಗೆ,

ಸೊಸೆ ತಹ್ಮಿನೆಯ ಸಲಾಮುಗಳು.

ನೀವು ಕ್ಷೇಮವಾಗಿ ರಶ್ತ್ ತಲುಪಿದ ಸುದ್ದಿಯನ್ನು ಮೆಹ್ರಿ ನಮ್ಮ ಪಕ್ಕದ ಹಾಜಿ ಯದುಲ್ಲಾರ ಅಂಗಡಿಗೆ ಫೋನ್ ಮಾಡಿ ತಿಳಿಸಿದಳು. ಹಾಜಿಯವರು ಅದನ್ನು ನನಗೆ ಹೇಳುವ ಮೊದಲು ಕಡಲೆ ಕೊಳ್ಳಲು ಬಂದವರಿಗೆಲ್ಲ ಹೇಳಿ ಮುಗಿಸಿದ್ದರು. ಹಾಗಾಗಿ ಬೆಟ್ಟದ ತಿರುವುಗಳಲ್ಲಿ ನಿಮಗೆ ವಾಂತಿಯಾದ ಸಂಗತಿ ಈಗ ಇಡೀ ಓಣಿಗೆ ಗೊತ್ತು. ಎದುರು ಮನೆಯವರು ನಿಂಬೆಹಣ್ಣು ಒಣಗಿಸಿಟ್ಟಿದ್ದಾರೆ, ಬರುವಾಗಿನ ಪ್ರಯಾಣಕ್ಕಂತೆ.

ನಿಮ್ಮ ಊರುಗೋಲನ್ನು ಬಾಗಿಲ ಹಿಂದೆಯೇ ಬಿಟ್ಟು ಹೋಗಿದ್ದೀರಿ. ಬಸ್ಸಿನ ಡ್ರೈವರ್ ಕೈಯಲ್ಲಿ ಕಳಿಸಲೇ? "ನಾಲ್ಕು ದಿನ ಮಗಳ ಮನೇಲಿದ್ದು ಬರ್ತೀನಿ" ಎಂದಿದ್ದಿರಿ. ಈ ಎಸ್ಫಂದ್ ತಿಂಗಳು ಮುಗಿದು ಹೊಸ ವರ್ಷ ಹುಟ್ಟುವುದರೊಳಗೆ ಬರುವುದಾದರೆ ಕೋಲು ಇಲ್ಲೇ ಇರಲಿ.

ನಾನು ಚೆನ್ನಾಗಿದ್ದೇನೆ. ಹಬ್ಬಕ್ಕೆ ಮೊದಲು ರತ್ನಗಂಬಳಿಯ ನಕ್ಷೆಗಳಿಗೆ ಬಣ್ಣ ತುಂಬುವ ಕೆಲಸ ಯಾವಾಗಲೂ ಹೆಚ್ಚು, ನಿಮಗೆ ಗೊತ್ತೇ ಇದೆ. ಬೆಳಗ್ಗೆ ಕಾರ್ಖಾನೆಗೆ ಹೊರಡುವ ಮುಂಚೆ ಅಂಗಳದ ಕೊಳದ ಕಟ್ಟೆಯ ಮೇಲೆ ಕೂತು ಚಹಾ ಕುಡಿಯುತ್ತೇನೆ. ನೀರು ಹಸಿರಾಗಿದೆ. ತಳದಲ್ಲಿ ಅವು

ಮೇಲಿನ ಸಾಲಿನ ಅರ್ಧ ಹೊಡೆದು ಹಾಕಿದ್ದೇನೆ, ಶಾಯಿ ಚೆಲ್ಲಿತು. ತಳದಲ್ಲಿ ದಾಳಿಂಬೆ ಎಲೆಗಳು ಕೊಳೆತು ಬಿದ್ದಿವೆ ಎಂದು ಬರೆಯುತ್ತಿದ್ದೆ. ಈ ವರ್ಷವೂ ಕೊಳ ತೊಳೆಸುವುದು ಬೇಡವೆಂದು ನನಗನ್ನಿಸುತ್ತದೆ.

ತಮ್ಮ
ತಹ್ಮಿನೆ


ರಶ್ತ್
೯ ಎಸ್ಫಂದ್

ತಹ್ಮಿನೆ,

ನಿನ್ನ ಕಾಗದ ಬಂತು. ಹೊಡೆದು ಹಾಕಿದ ಸಾಲನ್ನು ಬೆಳಕಿಗೆ ಹಿಡಿದು ನೋಡಿದೆ, ಏನೂ ಕಾಣಲಿಲ್ಲ. ಶಾಯಿ ಚೆಲ್ಲುವ ಪೆನ್ನನ್ನು ಮೊದಲು ಬಿಸಾಡು.

ಇಲ್ಲಿ ಮಳೆಗೆ ರಜೆ ಎಂಬುದೇ ಇಲ್ಲ. ಅಳಿಯ ತನ್ನ ಕೊಡೆ ಕೊಟ್ಟಿದ್ದಾನೆ. ಮಳೆ ಬಂದರೆ ಕೊಡೆ, ನಿಂತರೆ ಊರುಗೋಲು. ಮೊನ್ನೆ ಮೀನು ಮಾರುಕಟ್ಟೆಯಲ್ಲಿ ಅದನ್ನು ಊರಿಕೊಂಡು ಹೋಗುವಾಗ ಗುಂಡಿ ಒತ್ತಿಹೋಗಿ ನಡುಬೀದಿಯಲ್ಲಿ ಬಿಚ್ಚಿಕೊಂಡಿತು. ಮೀನಿನವನು, "ಹಾರಿ ಹೋಗ್ಬೇಡಿ ಅಜ್ಜಿ, ಎರಡು ಮೀನಾದ್ರೂ ತಗೊಂಡು ಹೋಗಿ" ಎಂದ. ಮೆಹ್ರಿ ಮನೆ ತಲುಪುವವರೆಗೂ ನಗುತ್ತಿದ್ದಳು. ಆದ್ದರಿಂದ ಕೋಲು ಕಳಿಸುವ ಅವಸರವಿಲ್ಲ. ಕಾಶಾನಿನ ಮುದುಕಿ ಕೊಡೆ ಹಿಡಿದು ಬರುತ್ತಾಳೆಂದು ಇಲ್ಲಿ ಎಲ್ಲರಿಗೂ ಗುರುತಾಗಿದೆ.

ಈಗ ಹಬ್ಬದ ಮಾತು. ಹೋದ ವರ್ಷ ನಮ್ಮದು ಸಾವಿನ ಮನೆ. ಜಮಖಾನ ಒಗೆಯಲಿಲ್ಲ, ಕೊಳ ತೊಳೆಯಲಿಲ್ಲ, ಯಾರೂ ಏನೂ ಅನ್ನಲಿಲ್ಲ. ನನ್ನ ಮಗ ಇರಾಜ್ ಇಲ್ಲದ ಎರಡನೆಯ ಹೊಸ ವರ್ಷ ಇದು. ಈ ಸಲವೂ ಹಸಿರು ನೀರು ಇಟ್ಟುಕೊಂಡರೆ ಬಂದವರು ಏನೆಂದುಕೊಳ್ಳುತ್ತಾರೆ? ಆ ಕೊಳದ ಮುಂದೆ ಕೂತು ಏರೋಪ್ಲೇನ್ ಚಿಟ್ಟೆ ಹುಟ್ಟುವುದನ್ನು ಕಾಯುತ್ತಿದ್ದವನು ಹೋದ. ಇನ್ನು ಆ ಪಾಚಿ ಯಾರಿಗೆ ಬೇಕು, ಹೇಳು.

ಇನ್ನೊಂದು ಮಾತು. ವರ್ಷ ತುಂಬಿದ ದಿನ ನಿನ್ನ ಮಾವನ ಅಕ್ಕ ಬತೂಲ್ ನಮ್ಮಿಬ್ಬರಿಗೂ ಸಾವಿಗೆ ಉಟ್ಟ ಕಪ್ಪು ಬಿಡಿಸಲೆಂದು ಬಣ್ಣದ ಬಟ್ಟೆ ತಂದು ಮಡಿಲಿಗೆ ಹಾಕಿದಳಲ್ಲ, ನಿನ್ನದು ಇನ್ನೂ ಪೆಟ್ಟಿಗೆಯಲ್ಲೇ ಇದೆ. ಹುಳು ಹಿಡಿಯುತ್ತದೆ. ಬಟ್ಟೆ ಹಾಳಾಗಬಾರದೆಂದಷ್ಟೇ ಹೇಳಿದೆ.

ಇಶ್ರತ್


ಕಾಶಾನ್
೧೬ ಎಸ್ಫಂದ್

ಮಾನ್ಯ ಅತ್ತೆಯವರಿಗೆ,

ಪೆಟ್ಟಿಗೆ ತೆರೆದು ನೋಡಿದೆ. ಹುಳು ಹಿಡಿದಿಲ್ಲ. ನಿಮ್ಮ ಬಟ್ಟೆಯೂ ಅದೇ ಪೆಟ್ಟಿಗೆಯಲ್ಲಿ, ನನ್ನದರ ಮೇಲೆ ಇದೆ. ಮೇಲಿನದನ್ನು ತೆಗೆಯದೆ ಕೆಳಗಿನದನ್ನು ತೆಗೆಯಲು ಬರುವುದಿಲ್ಲ. ಹಾಗೇ ಮುಚ್ಚಿಟ್ಟೆ.

ಜಮಖಾನಗಳನ್ನು ಒಗೆದು ತಾರಸಿಯಲ್ಲಿ ಹಾಕಿದ್ದೇನೆ. ಕಿಟಕಿಗಳೂ ಆದವು. ಹಬ್ಬದ ತಟ್ಟೆಗೆ ಗೋಧಿ ಮೊಳಕೆ ಬರಲು ನೆನೆಸಿದ್ದೇನೆ, ನಿಮಗೊಂದು ನನಗೊಂದು. ಕೊಳವೊಂದನ್ನು ಮಾತ್ರ ಹಾಗೇ ಬಿಡಿ. ಕಾರಣ ಕೇಳಬೇಡಿ. ಆ ನೀರು ಹಾಗೇ ಇದ್ದರೆ ನನಗೆ ಒಳ್ಳೆಯದು.

ಹಬ್ಬಕ್ಕೆ ಬರುತ್ತೀರಾ? ಬರುವುದಿಲ್ಲವೆಂದರೂ ಸರಿ. ಕೇಳಿದೆ ಅಷ್ಟೆ.

ತಹ್ಮಿನೆ


ರಶ್ತ್
೨೧ ಎಸ್ಫಂದ್

ತಹ್ಮಿನೆ,

ಕಾರಣ ಕೇಳಬೇಡಿ ಎಂದು ಬರೆದಿದ್ದೀಯ. ಕೇಳುವುದಿಲ್ಲ, ಏಕೆಂದರೆ ನನಗೆ ಗೊತ್ತು. ದಿನವಿಡೀ ನಕ್ಷೆಯ ಮೇಲೆ ಬಗ್ಗಿ ಕೂರುವವಳಿಗೆ ಸೊಂಟ ನೋಯದೆ ಇರುತ್ತದೆಯೇ? ಒಬ್ಬಳೇ ಅಷ್ಟು ನೀರು ಎತ್ತಿ ಚೆಲ್ಲುವುದು ಆಗದ ಕೆಲಸ. ಅದನ್ನು ಹೇಳಲು ಸಂಕೋಚ. ಆರು ವರ್ಷ ಒಂದೇ ಮನೆಯಲ್ಲಿದ್ದೇವೆ, ಅಷ್ಟೂ ಅರ್ಥವಾಗದಿದ್ದರೆ ನಾನೆಂಥ ಅತ್ತೆ.

ಹಬ್ಬಕ್ಕೆ ನಾನು ಬರುವುದಿಲ್ಲ. ಮೆಹ್ರಿಯ ಚಿಕ್ಕವನಿಗೆ ಕೆಮ್ಮು. ಆದರೆ ನನ್ನ ಕಡೆಯಿಂದ ನಿನಗೊಂದು ಉಡುಗೊರೆ ಬರುತ್ತದೆ. ಏನೆಂದು ಹೇಳಿದರೆ ನೀನು "ಬೇಡ ಅತ್ತೆ, ನಿಮಗ್ಯಾಕೆ ತೊಂದರೆ" ಎಂದು ಶುರು ಮಾಡುತ್ತೀಯ. ಆದ್ದರಿಂದ ಹೇಳುವುದಿಲ್ಲ.

ಇಶ್ರತ್


ಕಾಶಾನ್
೨೭ ಎಸ್ಫಂದ್

ಮಾನ್ಯ ಅತ್ತೆಯವರಿಗೆ,

ನಿಮ್ಮ ಉಡುಗೊರೆ ತಲುಪಿತು. ನಿನ್ನೆ ಕೆಲಸದಿಂದ ಬಂದು ಬಾಗಿಲು ತೆಗೆದರೆ ಕೊಳ ಬೆಳ್ಳಗೆ ಹೊಳೆಯುತ್ತಿತ್ತು. ಹಾಜಿಯವರ ಆಳು ಪಾಚಿಯ ಒಂದು ಎಳೆಯನ್ನೂ ಬಿಟ್ಟಿಲ್ಲ. ತಳದ ನೀಲಿ ಹೆಂಚುಗಳಲ್ಲಿ ಹೂವಿನ ಚಿತ್ರವಿರುವುದು ನನಗೆ ಮರೆತೇ ಹೋಗಿತ್ತು. ಹೊಸ ನೀರಿನಲ್ಲಿ ಕೆಂಪು ಮೀನುಗಳನ್ನೂ ಬಿಟ್ಟಿದ್ದಾರೆ. ಕಟ್ಟೆಯ ಸುತ್ತ ಹೂವಿನ ಕುಂಡಗಳನ್ನು ತೊಳೆದು ಸಾಲಾಗಿ ಇಟ್ಟಿದ್ದಾರೆ.

ನಿಮ್ಮ ಕೈಗೆ ಎಂದೂ ನೋವು ಬಾರದಿರಲಿ. ಅಷ್ಟು ದೂರದಲ್ಲಿದ್ದರೂ ನನ್ನ ಸೊಂಟದ ಬಗ್ಗೆ ಯೋಚಿಸಿದಿರಿ. ನಿಮ್ಮ ನೆರಳು ನನ್ನ ತಲೆಯ ಮೇಲಿಂದ ಎಂದೂ ಸರಿಯದಿರಲಿ. ಈ ಋಣ ತೀರಿಸಲು ನನ್ನಿಂದಾಗದು. ಬಹಳ ಬಹಳ ಧನ್ಯವಾದಗಳು.

ಕೈಬರಹ ಕೆಟ್ಟಿದೆ, ಕ್ಷಮಿಸಿ. ಬೆರಳಿಗೆ ಕೆಸರಾಗಿತ್ತು, ಎಷ್ಟು ತೊಳೆದರೂ ಉಗುರಿನ ಸಂದಿಯಿಂದ ಹೋಗುತ್ತಿಲ್ಲ. ಚಹಾ ಸೋಸುವ ಜಾಲರಿ ಹರಿದಿದೆ, ಹೊಸದು ಕೊಳ್ಳುತ್ತೇನೆ. ನಿಮ್ಮ ಊರುಗೋಲನ್ನು ಸದ್ಯಕ್ಕೆ ಬಳಸಿಕೊಳ್ಳುತ್ತಿದ್ದೇನೆ.

ಹೊಸ ವರ್ಷದ ಶುಭಾಶಯಗಳು.

ತಹ್ಮಿನೆ


ರಶ್ತ್
೧೨ ಫರ್ವರ್ದೀನ್ ೧೩೭೩

ತಹ್ಮಿನೆ,

ನಿನ್ನ ಕಾಗದವನ್ನು ಮೆಹ್ರಿಗೆ ಓದಿ ಹೇಳಿದೆ, ಅಳಿಯನಿಗೆ ಓದಿ ಹೇಳಿದೆ, ಮೇಲಿನ ಮನೆಯ ಹೆಂಗಸಿಗೂ ಹೇಳಿದೆ. ಇಷ್ಟು ಚೆನ್ನಾಗಿ ಥ್ಯಾಂಕ್ಸ್ ಹೇಳುವ ಸೊಸೆ ಯಾರಿಗಿದ್ದಾಳೆ ತೋರಿಸಿ ಎಂದೆ. ಮೆಹ್ರಿ ಮೂತಿ ತಿರುವಿದಳು.

ಹಾಜಿಗೆ ಫೋನ್ ಮಾಡಿದಾಗಲೇ ನನಗೆ ಗೊತ್ತಿತ್ತು ನೀನು ಖುಷಿಪಡುತ್ತೀಯೆಂದು.

"ಹಾಜಿ, ಒಂದು ಉಪಕಾರ ಆಗ್ಬೇಕು."

"ಒಂದ್ಯಾಕೆ, ಹತ್ತು ಹೇಳಿ ಖಾನುಮ್. ನಿಮ್ಮ ಚಪ್ಪಲಿ ಹೊರೋಕೂ ನಾನ್ ರೆಡಿ."

"ಚಪ್ಪಲಿ ನನ್ನ ಕಾಲಲ್ಲೇ ಇರ್ಲಿ. ನಿಮ್ಮ ಹತ್ರ ಮನೆ ಕೀಲಿಕೈ ಇದೆಯಲ್ಲ, ಸೊಸೆ ಕೆಲಸಕ್ಕೆ ಹೋದಾಗ ಕೊಳ ತೊಳೆಸಿಬಿಡಿ. ಅವಳು ಬರೋ ಹೊತ್ತಿಗೆ ನೀರಲ್ಲಿ ಮುಖ ಕಾಣ್ಬೇಕು."

"ಕಾಣ್ಸೋಣ. ಮೀನು?"

"ಮೀನೂ ಬಿಡಿ. ಕೆಂಪನೆಯವು."

ಇನ್ನು ಪ್ರತಿ ವರ್ಷವೂ ಹೀಗೇ ಮಾಡಿಸುತ್ತೇನೆ, ನಾನು ಬದುಕಿರುವವರೆಗೆ. ಊರುಗೋಲು ನೀನು ಊರುತ್ತಿದ್ದೀಯೆಂದರೆ ಸೊಂಟದ ವಿಷಯ ನಾನು ಹೇಳಿದ್ದು ಸರಿ ಎಂದಾಯಿತು.

ಹಬ್ಬ ಕಳೆದು ಇಷ್ಟು ದಿನವಾದರೂ ನಿನ್ನ ಕಾಗದವಿಲ್ಲ. ಯಾರು ಬಂದಿದ್ದರು, ಏನು ಉಟ್ಟಿದ್ದೆ ಎಂದು ಬರೆಯುತ್ತೀಯೇನೋ ಎಂದು ನೋಡುತ್ತಿದ್ದೆ. ಬರೆಯದಿದ್ದರೂ ನನಗೆ ಅರ್ಥವಾಯಿತು. ಪೆಟ್ಟಿಗೆ ತೆರೆದಿದ್ದೀಯ, ಬಣ್ಣ ಉಟ್ಟಿದ್ದೀಯ, ಅದನ್ನು ನನಗೆ ಹೇಳಲು ಮುಜುಗರ. ಒಳ್ಳೆಯದೇ ಆಯಿತು ತಹ್ಮಿನೆ. ನಿಜವಾಗಿ ಒಳ್ಳೆಯದಾಯಿತು. ನಾನು ಇದನ್ನು ಎರಡು ಸಲ ಬರೆಯುತ್ತಿರುವುದು ನಿನಗೆ ನಂಬಿಕೆ ಬರಲೆಂದು.

ಮೆಹ್ರಿ ಇಲ್ಲೇ ಇದ್ದುಬಿಡು ಎನ್ನುತ್ತಾಳೆ. ಇರೋಣವೆಂದುಕೊಂಡಿದ್ದೇನೆ. ಮನೆ ನಿನ್ನದು, ನಿನ್ನ ಇಷ್ಟದಂತೆ ಇರು. ನನ್ನ ಬೇಸಿಗೆ ಬಟ್ಟೆಗಳನ್ನು ಗಂಟು ಕಟ್ಟಿ ಬಸ್ಸಿಗೆ ಹಾಕು.

ಇಶ್ರತ್


ಕಾಶಾನ್
೨೦ ಫರ್ವರ್ದೀನ್

ಮಾನ್ಯ ಅತ್ತೆಯವರಿಗೆ,

ತಮ್ಮ ಅಪ್ಪಣೆಯಂತೆ ಬಟ್ಟೆಗಳನ್ನು ಇಂದಿನ ಬಸ್ಸಿಗೆ ಹಾಕಿದ್ದೇನೆ. ಔಷಧಿ ಡಬ್ಬಿ, ಜಪಮಾಲೆ, ದೂರದ ಕನ್ನಡಕ ಕೂಡ ಅದರಲ್ಲಿವೆ. ಊರುಗೋಲನ್ನು ಮಾತ್ರ ಈಗ ಕಳಿಸಲಾಗದು. ಅದಕ್ಕೆ ಇಲ್ಲಿ ಕೆಲಸವಿದೆ.

ನನ್ನ ಮುಖ ನೋಡಿದಾಗಲೆಲ್ಲ ನಿಮಗೆ ಅವರ ನೆನಪಾಗುತ್ತಿತ್ತೆಂದು ನನಗೆ ಗೊತ್ತು. ಅಲ್ಲಿ ಮೊಮ್ಮಕ್ಕಳಿದ್ದಾರೆ. ನೀವು ಅಲ್ಲಿ ನೆಮ್ಮದಿಯಾಗಿದ್ದರೆ ನನಗೂ ನೆಮ್ಮದಿ.

ತಹ್ಮಿನೆ


ರಶ್ತ್
೫ ಉರ್ದಿಬೆಹೆಶ್ತ್

ತಹ್ಮಿನೆ, ಮಗಳೇ,

ಗಂಟು ಬಂದು ಎರಡು ವಾರವಾಯಿತು. ಬಿಚ್ಚಿದ ದಿನವೇ ಒಂದೊಂದಾಗಿ ಹಾಸಿಗೆಯ ಮೇಲೆ ಹರಡಿ ನೋಡಿದೆ. ಎಲ್ಲ ಕಪ್ಪು. ಬತೂಲ್ ಕೊಟ್ಟ ಬಟ್ಟೆ ಅದರಲ್ಲಿರಲಿಲ್ಲ. ಅದು ಮೇಲಿತ್ತು, ನಿನ್ನದು ಕೆಳಗೆ. ನೀನು ನಿನ್ನದನ್ನು ತೆಗೆದಿದ್ದರೆ ನನ್ನದು ಕೈಗೆ ಸಿಕ್ಕಿರಬೇಕಿತ್ತು, ಸಿಕ್ಕಿದ್ದರೆ ಕಳಿಸಿರುತ್ತಿದ್ದೆ. ಆಗಿನಿಂದ ನನಗೆ ತಲೆಯಲ್ಲಿ ಹುಳು ಬಿಟ್ಟ ಹಾಗಾಯಿತು. ನಿನ್ನ ಕಾಗದವೂ ಇಲ್ಲ. ಕೊನೆಗೆ ನಿನ್ನೆ ಹಾಜಿಗೆ ಫೋನ್ ಮಾಡಿದೆ.

"ನನ್ನ ಸೊಸೆ ಹೇಗಿದ್ದಾಳೆ ಹಾಜಿ?"

"ಚೆನ್ನಾಗಿದ್ದಾಳೆ. ದಿನಾ ಬೆಳಗ್ಗೆ ಬೋಗುಣಿ ಮುಂದೆ ಕೂತಿರ್ತಾಳೆ."

"ಯಾವ ಬೋಗುಣಿ?"

"ನೀವು ಬಟ್ಟೆ ನೆನೆಸ್ತಿದ್ರಲ್ಲ, ಆ ತಾಮ್ರದ್ದು. ಅಯ್ಯೋ, ಹೇಳ್ಬಾರ್ದು ಅಂದಿದ್ದಳು."

"ಈಗ ಅರ್ಧ ಹೇಳಾಯ್ತು. ಇನ್ನರ್ಧ ಹೊಟ್ಟೇಲಿ ಇಟ್ಕೊಂಡ್ರೆ ನಿಮಗೇ ಅಜೀರ್ಣ."

ಹಾಜಿಯ ಹೊಟ್ಟೆಯಲ್ಲಿ ಯಾವ ಮಾತು ನಿಂತಿದೆ. ಎಲ್ಲ ಹೇಳಿದ. ಕೊಳ ತೊಳೆದ ದಿನ ನೀನು ಬಂದವಳು ಕೈಚೀಲವನ್ನೂ ಇಳಿಸದೆ ದಾಳಿಂಬೆ ಬುಡದಲ್ಲಿ ಕೆಸರಿಗೆ ಕೂತೆಯಂತೆ. ಚಹಾದ ಜಾಲರಿ ಹಿಡಿದು ಕತ್ತಲಾಗುವವರೆಗೂ ಹುಡುಕಿದೆಯಂತೆ. "ಕಪ್ಪು ಬಟ್ಟೆ ಪೂರ್ತಿ ಕೆಸರು ಖಾನುಮ್, ಹಬ್ಬದ ದಿನಾನೂ ಅದನ್ನೇ ಒಗೆದು ಉಟ್ಕೊಂಡಿದ್ಲು" ಎಂದ. ನಾನು ಫೋನ್ ಇಟ್ಟು ಅಲ್ಲೇ ಕುರ್ಚಿಯ ಮೇಲೆ ಕೂತೆ.

ಜಾಲರಿ ಎಂದೊಡನೆ ನನಗೆ ಎಲ್ಲ ಕಣ್ಣ ಮುಂದೆ ಬಂತು. ಇರಾಜ್ ಒಂಬತ್ತು ವರ್ಷದವನಿದ್ದಾಗಿನಿಂದ ಪ್ರತಿ ಹಬ್ಬಕ್ಕೂ ಅವನೂ ನಾನೂ ಕೊಳದ ಮುಂದೆ ಜಗಳವಾಡಿದ್ದೇವೆ. "ಅಮ್ಮಾ, ಸ್ವಲ್ಪ ನಿಲ್ಲು, ಇವನ್ನ ತೆಗೀತೀನಿ." "ಹುಳಗಳ ಸೂಲಗಿತ್ತಿ ಆಗ್ಬಿಟ್ಯಲ್ಲೋ, ನಾನ್ ನಿಂತ್ರೆ ಹಬ್ಬ ನಿಲ್ಲುತ್ತಾ?" "ನಿಲ್ಲುತ್ತೆ. ಹಬ್ಬಕ್ಕೂ ಗೊತ್ತು ನಿನ್ ಬಾಯಿ." ನೀರೊಳಗೆ ಬೆಳೆಯುವ ಏರೋಪ್ಲೇನ್ ಚಿಟ್ಟೆಯ ಒಂದೊಂದೇ ಮರಿಯನ್ನು ಜಾಲರಿಯಲ್ಲಿ ಎತ್ತಿ ಬೋಗುಣಿಗೆ ಹಾಕುತ್ತಿದ್ದ, ತೊಳೆದಾದ ಮೇಲೆ ವಾಪಸ್ಸು ಬಿಡುತ್ತಿದ್ದ. ಮದುವೆಯಾದ ಮೇಲೆ ನೀನು ಬೋಗುಣಿ ಹಿಡಿದು ಪಕ್ಕದಲ್ಲಿ ನಿಲ್ಲುತ್ತಿದ್ದೆ. ಇಷ್ಟೆಲ್ಲ ಗೊತ್ತಿದ್ದವಳು, ಮಗನ ಜೊತೆ ಅದೂ ಮುಗಿಯಿತೆಂದುಕೊಂಡೆ. ನೀನು ಇನ್ನೂ ಕಾಯುತ್ತಿದ್ದೀಯೆಂದು ನನ್ನ ಮಂಡೆಗೆ ಹೊಳೆಯಲೇ ಇಲ್ಲ. ಹೊಡೆದು ಹಾಕಿದ ಸಾಲಿನ ಕೆಳಗೆ ಇದ್ದದ್ದು ಅವೇ ಅಲ್ಲವೇ?

ನನಗೆ ಬರೆಯಬಾರದಿತ್ತೇ? ಅತ್ತೆ ಅಳುತ್ತಾಳೆ ಎಂದುಕೊಂಡೆಯಾ? ನಾನೂ ಹಾಗೇ ಅಂದುಕೊಂಡು ಅವುಗಳ ಮಾತನ್ನು ಒಂದೇ ಸಾಲಿನಲ್ಲಿ ಮುಗಿಸಿದೆ, ನೀನು ಅಳುತ್ತೀಯೆಂದು.

ಈಗ ನನ್ನ ಸರದಿ. ನಿನ್ನ ಮುಖ ನೋಡಿ ನೆನಪಾಗುತ್ತದೆಂದು ನಾನು ಬಂದದ್ದಲ್ಲ. ನಾನು ಕಣ್ಣ ಮುಂದೆ ಕಪ್ಪು ಉಟ್ಟು ಕೂತಿರುವವರೆಗೆ ನೀನು ಬಿಡುವುದಿಲ್ಲವೆಂದು ಬಂದೆ. ನಿನಗಿನ್ನೂ ಮೂವತ್ತನಾಲ್ಕು. ನಾನು ಮರೆಯಾದರೆ ನೀನು ಬಣ್ಣ ಉಡುತ್ತೀಯ, ಯಾರೂ ಏನೂ ಅನ್ನದ ಹಾಗೆ ಆಗುತ್ತದೆ ಎಂದು ಲೆಕ್ಕ ಹಾಕಿದೆ. ನಾನು ಮಾತ್ರ ಇಲ್ಲೂ ಕಪ್ಪಿನಲ್ಲೇ ಇದ್ದೇನೆ. ನಮ್ಮ ಜನ ಬಾಗಿಲಲ್ಲಿ ನಿಂತು "ನೀವು ಮೊದಲು", "ಛೆ, ನೀವು ಮೊದಲು" ಎನ್ನುತ್ತ ಒಳಗಿನ ಊಟ ತಣ್ಣಗೆ ಮಾಡುತ್ತಾರಲ್ಲ, ಹಾಗೆ ನಾವಿಬ್ಬರೂ ನಿಂತುಬಿಟ್ಟಿದ್ದೇವೆ.

ಬೋಗುಣಿಯಲ್ಲಿ ಏನಾದರೂ ಉಳಿದಿದೆಯಾ? ಸುಳ್ಳು ಬರೆಯಬೇಡ. ಉಳಿದಿಲ್ಲವಾದರೆ ಉಳಿದಿಲ್ಲ ಎಂದೇ ಬರೆ. ಥ್ಯಾಂಕ್ಸ್ ಹೇಳುವುದು ಮಾತ್ರ ಬೇಡ, ನನಗೆ ಆ ಕಾಗದ ಓದಿ ಹೇಳಿದ್ದಕ್ಕೇ ನಾಚಿಕೆಯಾಗಿದೆ.

ಇಶ್ರತ್


ಕಾಶಾನ್
೧೦ ಉರ್ದಿಬೆಹೆಶ್ತ್

ಅಮ್ಮಾ,

ಹೀಗೆ ಕರೆದರೆ ಬೇಜಾರಿಲ್ಲ ತಾನೆ? ಅವರು ಕರೆಯುತ್ತಿದ್ದದ್ದು ಕೇಳಿ ಕೇಳಿ ಎಷ್ಟೋ ಸಲ ಬಾಯಿಗೆ ಬಂದದ್ದನ್ನು ನುಂಗಿದ್ದೇನೆ.

ನಿಮ್ಮ ಕಾಗದ ನಿನ್ನೆ ಮಧ್ಯಾಹ್ನ ಬಂತು. ಕೇಳಿದ್ದಕ್ಕೆ ಸುಳ್ಳಿಲ್ಲದೆ ಹೇಳುತ್ತೇನೆ. ಹೊಡೆದು ಹಾಕಿದ್ದು ಅವನ್ನೇ. ಅವರು ಹೋದ ಮೇಲೆ ಕೊಳದ ಕಡೆ ನೋಡಲು ನನಗೆ ಆಗುತ್ತಿರಲಿಲ್ಲ. ನೀವು ರಶ್ತ್‌ಗೆ ಹೋದ ಮರುದಿನ ಮನೆಯಲ್ಲಿ ಸದ್ದೇ ಇರಲಿಲ್ಲ, ಚಹಾ ತೆಗೆದುಕೊಂಡು ಹೊರಗೆ ಬಂದು ಕೂತೆ. ತಳದ ಎಲೆಯೊಂದು ನಡೆಯಿತು. ಎಲೆಯಲ್ಲ, ಮರಿ. ಎರಡು ಚಳಿಗಾಲ ಯಾರೂ ಮುಟ್ಟದ ನೀರಿನಲ್ಲಿ ಎಷ್ಟು ಇದ್ದವೆಂದರೆ ನನಗೆ ನಗು ಬಂತು. ಅವತ್ತಿನಿಂದ ದಿನಾ ನೋಡುತ್ತಿದ್ದೆ. ಅವು ಹೊರಗೆ ಬರುವ ದಿನ ಅವರ ಬದಲು ನಾನು ಅಲ್ಲಿರಬೇಕೆಂಬುದೊಂದೇ ಆಸೆ. ಬೇರೆ ಯಾವುದಕ್ಕಾಗಿಯೂ ನಾನು ಬೆಳಗ್ಗೆ ಏಳುತ್ತಿರಲಿಲ್ಲ.

ಕೊಳ ತೊಳೆದ ದಿನ ನನಗೆ ನಿಮ್ಮ ಮೇಲೆ ಬಹಳ ಸಿಟ್ಟು ಬಂತು. ಇದನ್ನೂ ಬರೆದುಬಿಡುತ್ತೇನೆ. ಕೆಸರನ್ನೆಲ್ಲ ದಾಳಿಂಬೆ ಬುಡಕ್ಕೆ ಸುರಿದಿದ್ದರು. ಜಾಲರಿ ತಂದು ಕೂತೆ. ಹಾಜಿಯವರು ತಾವು ಮಾಡಿಸಿದ ಕೆಲಸ ತೋರಿಸಿ ಹೊಗಳಿಸಿಕೊಳ್ಳಲು ಬಂದವರು ನನ್ನನ್ನು ನೋಡಿ ನಿಂತರು.

"ಏನ್ ಕಳ್ಕೊಂಡ್ಯಮ್ಮಾ? ಓಲೆನಾ?"

"ಓಲೆ ಅಲ್ಲ ಹಾಜಿ. ಇರಾಜ್ ಅವರ ಹುಳ."

ಅವರು ಟೋಪಿ ತೆಗೆದು ಕೊಂಬೆಗೆ ಸಿಕ್ಕಿಸಿ, ನೋಯುವ ಆ ಮಂಡಿ ಇಟ್ಟುಕೊಂಡು ನನ್ನ ಎದುರಿಗೆ ಕೂತರು. ಇದನ್ನು ನಿಮಗೆ ಫೋನಿನಲ್ಲಿ ಹೇಳಿರಲಿಕ್ಕಿಲ್ಲ.

"ನನ್ ಕಣ್ಣಿಗೆ ಎಲ್ಲಾ ಕೆಸರೇ. ಅಲುಗಾಡೋದನ್ನ ಹಿಡೀಲಾ?"

"ಅಲುಗಾಡೋದು ಎರೆಹುಳ ಹಾಜಿ. ಸತ್ತಂಗೆ ನಾಟಕ ಆಡ್ತಾ ಬಿದ್ದಿರುತ್ತಲ್ಲ, ಅದು ನಮ್ದು."

"ನಮ್ ಆಳಿನ ಥರ ಅನ್ನು."

ಸಿಕ್ಕವುಗಳಲ್ಲಿ ಮುಕ್ಕಾಲು ಪಾಲು ಸತ್ತಿದ್ದವು. ಉಳಿದವನ್ನು ಬೋಗುಣಿಗೆ ಹಾಕಿದೆ. ಒಂದನ್ನೊಂದು ತಿಂದುಬಿಡುತ್ತವೆ ಎಂದು ಅವರು ಹೇಳುತ್ತಿದ್ದದ್ದು ನೆನಪಿತ್ತು, ಅಡಗಿಕೊಳ್ಳಲು ಹೆಂಚಿನ ಚೂರುಗಳನ್ನೂ ಪಾಚಿಯನ್ನೂ ಇಟ್ಟೆ. ಆದರೂ ಒಂದೊಂದೇ ಕಡಿಮೆಯಾಗುತ್ತ ಬಂದವು. ಮೇಲೆ ಹತ್ತಿ ಬರಲು ನೆಟ್ಟಗಿನದೇನಾದರೂ ಬೇಕು. ಕೊಳದಲ್ಲಾದರೆ ಜೊಂಡು ಇರುತ್ತಿತ್ತು, ಆಳು ಅದನ್ನೂ ಕಿತ್ತಿದ್ದ. ಮನೆಯೆಲ್ಲ ಹುಡುಕಿದೆ. ಬಾಗಿಲ ಹಿಂದೆ ನಿಮ್ಮ ಕೋಲಿತ್ತು. ಅದನ್ನು ಬೋಗುಣಿಯ ನಡುವೆ ಕಲ್ಲುಗಳಿಂದ ಗಟ್ಟಿ ಮಾಡಿ ನಿಲ್ಲಿಸಿದೆ. ಸಿಟ್ಟು ಇತ್ತಲ್ಲ, ನಿಮ್ಮದನ್ನು ಕೇಳದೆ ತೆಗೆದುಕೊಂಡೆ. ಮರುದಿನ ಕೂತು ಆ ಥ್ಯಾಂಕ್ಸಿನ ಕಾಗದ ಬರೆದೆ.

ಈಗ ಬೋಗುಣಿಯಲ್ಲಿ ಕೆಲವು ಇವೆ. ನಾಲ್ಕು ದಿನದಿಂದ ಒಂದು ಏನೂ ತಿನ್ನುತ್ತಿಲ್ಲ, ಕೋಲಿನ ಬುಡಕ್ಕೆ ಬಂದು ತಲೆಯಷ್ಟನ್ನೇ ನೀರಿನಿಂದ ಹೊರಗಿಟ್ಟು ಕೂತಿರುತ್ತದೆ. ಸಾಯುತ್ತಿದೆಯೋ ಹುಟ್ಟುತ್ತಿದೆಯೋ ನನಗೆ ತಿಳಿಯುತ್ತಿಲ್ಲ. ಅವರಿದ್ದಿದ್ದರೆ ಕೇಳಬಹುದಿತ್ತು. ಈ ಕಾಗದವನ್ನು ಇವತ್ತು ಅಂಚೆಗೆ ಹಾಕುವುದಿಲ್ಲ.

೧೨ ಉರ್ದಿಬೆಹೆಶ್ತ್, ಬೆಳಗ್ಗೆ

ಅಮ್ಮಾ, ಬಂತು.

ಬೆಳಕು ಹರಿಯುವಾಗ ಹೊರಗೆ ಬಂದೆ. ಅದು ಆಗಲೇ ನಿಮ್ಮ ಕೋಲನ್ನು ಗೇಣುದ್ದ ಹತ್ತಿ, ನೀವು ಹೋದ ವರ್ಷ ದಾರ ಸುತ್ತಿದ್ದೀರಲ್ಲ, ಆ ದಾರಕ್ಕೆ ಕಾಲಿನಿಂದ ಕಚ್ಚಿಕೊಂಡು ಕೂತಿತ್ತು. ನಾನು ಮೆಲ್ಲಗೆ ನೆಲದ ಮೇಲೆ ಕೂತೆ. ಬೆನ್ನು ಸೀಳಿತು. ಮೊದಲು ಎದೆ, ಆಮೇಲೆ ಆ ದೊಡ್ಡ ತಲೆ, ಕಾಲುಗಳು. ತಲೆಕೆಳಗಾಗಿ ಜೋತು ಬಿದ್ದು ಅಲ್ಲಾಡದೆ ನಿಂತಿತು. ಬಿದ್ದೇಹೋಯಿತು ಎಂದುಕೊಂಡೆ. ಅವರು ಪ್ರತಿ ಸಲ ಇದೇ ಹೊತ್ತಿನಲ್ಲಿ ನನ್ನ ಕೈ ಹಿಡಿದು "ಸುಮ್ನಿರು, ಸುಸ್ತಾರಿಸ್ಕೊಳ್ತಿದೆ" ಎನ್ನುತ್ತಿದ್ದರು. ನಾನೇ ಬಾಯಿಬಿಟ್ಟು ಹಾಗೆಂದೆ. ಅದು ಒಮ್ಮೆಲೇ ಮೇಲಕ್ಕೆ ಬಗ್ಗಿ ತನ್ನ ಸಿಪ್ಪೆಯನ್ನೇ ಹಿಡಿದು ಬಾಲ ಎಳೆದುಕೊಂಡಿತು. ರೆಕ್ಕೆಗಳು ಒದ್ದೆ ಕಾಗದದ ಹಾಗೆ ಮುದುಡಿದ್ದವು, ನೋಡುತ್ತ ನೋಡುತ್ತ ನೆಟ್ಟಗಾದವು.

ಹಾಜಿಯವರು ಗೋಡೆಯ ಮೇಲಿಂದ ಇಣುಕಿ, "ಆಯ್ತಾ? ಗಂಡೋ ಹೆಣ್ಣೋ?" ಎಂದರು. ಕೆಂಪಗಾದರೆ ಗಂಡು, ಇನ್ನೂ ದಿನ ಬೇಕು ಎಂದೆ. "ಹಾಗಾದ್ರೆ ಈಗ್ಲೇ ಮಿಠಾಯಿ ಹಂಚ್ತೀನಿ, ಯಾವುದಾದ್ರೂ ಸರಿ" ಎಂದು ಹೋದರು. ಇಷ್ಟು ಹೊತ್ತಿಗೆ ಓಣಿಗೆಲ್ಲ ಗೊತ್ತಾಗಿದೆ. ಮರಿಗಳನ್ನು ತಿಂದಾವೆಂದು ಕೆಂಪು ಮೀನುಗಳನ್ನೂ ಅವರಿಗೇ ವಾಪಸ್ಸು ಕೊಟ್ಟೆ, ಉಳಿದ ಮರಿಗಳನ್ನು ಸಂಜೆ ಕೊಳಕ್ಕೆ ಬಿಡುತ್ತೇನೆ.

ಹಾರುವ ಮೊದಲು ಅದರ ಬಣ್ಣವನ್ನು ಚೆನ್ನಾಗಿ ನೋಡಿದೆ. ಬಣ್ಣ ನೋಡುವುದು ನನ್ನ ಹೊಟ್ಟೆಪಾಡಲ್ಲವೇ. ದಾಳಿಂಬೆ ಸಿಪ್ಪೆ ಕುದಿಸಿದ ನೀರಲ್ಲಿ ಅದ್ದಿದ ಉಣ್ಣೆಯ ಹಳದಿ. ಎಲ್ಲೋ ನೋಡಿದ್ದೇನೆ ಅನ್ನಿಸಿತು, ಎಲ್ಲೆಂದು ಹೊಳೆಯಲಿಲ್ಲ. ಅದು ಹಾರಿ ಹೂಬಿಟ್ಟ ದಾಳಿಂಬೆಯ ಮೇಲೆ ಕೂತು, ಅಲ್ಲಿಂದ ಗೋಡೆ ದಾಟಿ ಹೋಯಿತು. ಒಳಗೆ ಬಂದು ಪೆಟ್ಟಿಗೆ ತೆರೆದೆ. ಬತೂಲ್ ಅತ್ತೆ ನಿಮಗೆ ತಂದ ಬಟ್ಟೆ ಅದೇ ಹಳದಿ. ಬೆಳಕಿನಲ್ಲಿ ನೋಡಲು ಎತ್ತಿಕೊಂಡು ಹೊರಗೆ ತಂದೆ. ಹಾಗೆ ಮೇಲಿನದು ತೆಗೆದಾಯಿತು.

ಈಗ ಎರಡೂ ಹಗ್ಗದ ಮೇಲೆ ಬಿಸಿಲು ಕಾಯುತ್ತಿವೆ. ಒಟ್ಟಿಗೇ ಹೊಲಿಯಲು ಕೊಡಬೇಕು. ನನ್ನ ಅಳತೆ ದರ್ಜಿಯ ಹತ್ತಿರ ಇದೆ. ನಿಮ್ಮದು ಹಳೆಯ ಅಳತೆ, ರಶ್ತ್‌ನ ಬೆಣ್ಣೆ ತಿಂದ ಮೇಲೆ ಅದು ನಡೆಯುತ್ತದೋ ಇಲ್ಲವೋ.

ಥ್ಯಾಂಕ್ಸ್ ಹೇಳಬೇಡ ಎಂದಿದ್ದೀರಿ. ಹೇಳುತ್ತೇನೆ. ಕೊಳ ಹಾಗೇ ಇದ್ದಿದ್ದರೆ ನಾನು ಕಟ್ಟೆಯ ಮೇಲೆ ಕೂತು ನೋಡುತ್ತಲೇ ಇರುತ್ತಿದ್ದೆ, ಅವರು ಬಿಟ್ಟು ಹೋದದ್ದನ್ನು ಕಾಯುವವಳಾಗಿ. ಕೆಸರಿನಿಂದ ನಾನೇ ಹೆಕ್ಕಿ ತೆಗೆದದ್ದು ನಿಮ್ಮ ಕೋಲು ಹಿಡಿದು ಹತ್ತಿತು. ಹಬ್ಬದ ಮುಂಚಿನ ಥ್ಯಾಂಕ್ಸ್ ಬಾಯಿಮಾತಿನದು. ಇವತ್ತಿನದು ಹಾಗಲ್ಲ.

ಕೆಲಸಕ್ಕೆ ತಡವಾಯಿತು. ಆಗಲಿ.

ನಿಮ್ಮ
ತಹ್ಮಿನೆ


ರಶ್ತ್
೧೮ ಉರ್ದಿಬೆಹೆಶ್ತ್

ಮಗಳೇ,

ಕಾಗದವನ್ನು ಮೆಹ್ರಿಗೆ ಓದಿ ಹೇಳಲು ಕೂತೆ. ಬೆನ್ನು ಸೀಳಿತು ಎಂಬಲ್ಲಿಗೆ ಬಂದು ಓದಲಾಗಲಿಲ್ಲ, ಉಳಿದದ್ದನ್ನು ಅವಳೇ ಓದಿದಳು. "ಸುಮ್ನಿರು, ಸುಸ್ತಾರಿಸ್ಕೊಳ್ತಿದೆ" ಎಂಬಲ್ಲಿ ಅವಳಿಗೂ ಆಗಲಿಲ್ಲ. ಕೊನೆಗೆ ಅಳಿಯ ಓದಿ ಮುಗಿಸಿದ. ಅತ್ತೆವು, ಆದರೆ ಚೆನ್ನಾಗಿ ಅತ್ತೆವು. ಆಮೇಲೆ ನಾನು ಹೊಟ್ಟೆ ತುಂಬ ಉಂಡೆ.

ಮೆಹ್ರಿ ಕೇಳಿದಳು, "ಅಲ್ಲಮ್ಮಾ, ಇಲ್ಲೇ ಇರ್ತೀನಿ ಅಂದಿದ್ಯಲ್ಲ?" ನಾನೆಂದೆ, "ನನ್ ಅಳತೆ ಕೊಡ್ಬೇಕಂತೆ. ದರ್ಜಿ ಇಲ್ಲಿಗೆ ಬರ್ತಾನಾ?"

ಗುರುವಾರ ಹೊರಡುವ ಬಸ್ಸಿಗೆ ಟಿಕೆಟ್ ಆಗಿದೆ. ಎದುರು ಮನೆಯವರಿಗೆ ಹೇಳು, ಆ ನಿಂಬೆಹಣ್ಣು ನಾನು ಬಂದ ಮೇಲೆ ಚಹಾಕ್ಕೆ ಬೇಕಾಗುತ್ತದೆ. ದಾರಿಗೆ ಮೆಹ್ರಿ ಏನೋ ಮಾತ್ರೆ ಕೊಟ್ಟಿದ್ದಾಳೆ. ಹಾಜಿಗೆ ಏನೂ ಹೇಳಬೇಡ, ಹೇಗೂ ನಾನು ಬಸ್ಸಿಳಿಯುವ ಮೊದಲೇ ಅವನಿಗೆ ಗೊತ್ತಿರುತ್ತದೆ.

ಹಳದಿ ನನ್ನ ವಯಸ್ಸಿಗೆ ಹೆಚ್ಚೇನೋ ಎಂದು ಬತೂಲ್ ತಂದ ದಿನವೇ ಅನ್ನಿಸಿತ್ತು. ಇರಲಿ. ಹಾರಿದ್ದಕ್ಕೆ ಒಪ್ಪಿದ್ದು ನನಗೂ ಒಪ್ಪುತ್ತದೆ.

ಬರುವ ವರ್ಷ ಕೊಳ ತೊಳೆಯುವ ದಿನ ನೀನು ಜಾಲರಿ ಹಿಡಿ, ನಾನು ಬೋಗುಣಿ ಹಿಡಿಯುತ್ತೇನೆ. ಜಗಳ ಮಾತ್ರ ಆಡಲೇಬೇಕು. ಜಗಳವಿಲ್ಲದೆ ಆ ಕೊಳ ತೊಳೆದು ನನಗೆ ಅಭ್ಯಾಸವಿಲ್ಲ.

ಒಂದು ಮಾತು ನೆನಪಿಡು. ಬಸ್ ನಿಲ್ದಾಣಕ್ಕೆ ಬರುವಾಗ ನನಗೆ ನಡೆಯಲಾಗುವುದಿಲ್ಲವೆಂದು ಕೋಲು ಕಿತ್ತು ತರಬೇಡ. ಅಳಿಯನ ಕೊಡೆಯನ್ನೂ ಇಲ್ಲೇ ಬಿಟ್ಟು ಬರುತ್ತಿದ್ದೇನೆ. ಆ ದಾರಕ್ಕೆ ಕಚ್ಚಿಕೊಂಡಿರುವ ಸಿಪ್ಪೆಯನ್ನು ನಾನು ನನ್ನ ಕಣ್ಣಿಂದ ನೋಡಬೇಕು. ಕೋಲು ಬೋಗುಣಿಯಲ್ಲೇ ಇರಲಿ. ಮನೆಯವರೆಗೆ ನಾನು ನಿನ್ನ ತೋಳು ಹಿಡಿದು ನಡೆಯುತ್ತೇನೆ.

ಅಮ್ಮ